ಬೈಗುಳಕ್ಕೂ ಒಂದು ವಿಳಾಸ ಬೇಕು

2025ರ ನವೆಂಬರ್ 18ರಂದು ಢಾಕಾದಲ್ಲಿ ನಡೆದ ಪಂದ್ಯದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶಕ್ಕೆ 0–1ರಿಂದ ಮಣಿಯಿತು. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ನಂತರ. ಅದಕ್ಕೂ ಒಂದು ತಿಂಗಳ ಹಿಂದೆ, ಅಕ್ಟೋಬರ್ 14ರಂದು, ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಮೊದಲು ಗೋಲು ಗಳಿಸಿಯೂ ಸಿಂಗಪುರಕ್ಕೆ 1–2ರಿಂದ ಸೋತು, 2027ರ ಏಷ್ಯಾ ಕಪ್‌ನ ಬಾಗಿಲನ್ನು ನಾವು ಮುಚ್ಚಿಕೊಂಡಿದ್ದೆವು. ಸಿಂಗಪುರದ ಜನಸಂಖ್ಯೆ ಬೆಂಗಳೂರಿನ ಜನಸಂಖ್ಯೆಯ ಅರ್ಧದಷ್ಟು. 2024ರ ಇಡೀ ವರ್ಷ ಹನ್ನೊಂದು ಪಂದ್ಯಗಳನ್ನಾಡಿದ ತಂಡಕ್ಕೆ ಒಂದೂ ಗೆಲುವು ದಕ್ಕಲಿಲ್ಲ. ಆ ವರ್ಷದ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಮೂರೂ ಪಂದ್ಯಗಳನ್ನು ಸೋತದ್ದಷ್ಟೇ ಅಲ್ಲ, ಒಂದು ಗೋಲನ್ನೂ ಹೊಡೆಯಲಿಲ್ಲ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ದೇಶದ ಕಥೆ ಇದು.

ಇಂಥ ತಂಡದ ಅಭಿಮಾನಿಯಾಗಿರುವವನು ಏನು ಮಾಡಬೇಕು? ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಒಂದು ಸಂಸ್ಥೆ ಸತತವಾಗಿ ಕೆಡುತ್ತ ಹೋದಾಗ ಅದನ್ನು ನೆಚ್ಚಿದವರು ಏನು ಮಾಡಬೇಕೆಂಬ ಪ್ರಶ್ನೆ ಅರ್ಥಶಾಸ್ತ್ರದಲ್ಲಿ ಗಂಭೀರವಾಗಿ ಚರ್ಚೆಯಾಗಿದೆ. ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥವೊಂದು ಇದಕ್ಕೇ ಮೀಸಲು. ಅವರ ಪ್ರಕಾರ ಅತೃಪ್ತನಾದವನಿಗೆ ಎರಡು ದಾರಿಗಳುಂಟು: ಒಂದು, ಎದ್ದು ಹೋಗುವುದು, ಇನ್ನೊಂದು, ಇದ್ದುಕೊಂಡು ದನಿಯೆತ್ತುವುದು. ಯಾವುದನ್ನು ಯಾವಾಗ ಹಿಡಿಯಬೇಕೆಂಬುದನ್ನು ನಿರ್ಧರಿಸುವುದು ನಿಷ್ಠೆ. ನಿಷ್ಠೆಯೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ದನಿಗೆ ಕೆಲಸ ಮಾಡಲು ಬೇಕಾದ ಕಾಲಾವಕಾಶವನ್ನು ಒದಗಿಸುವುದು.

ಹಿರ್ಷ್‌ಮನ್ನರಿಗೆ ಈ ವಿಚಾರ ಹೊಳೆದದ್ದು ನೈಜೀರಿಯಾದ ರೈಲ್ವೆಯನ್ನು ನೋಡಿ. ಉತ್ತರ ನೈಜೀರಿಯಾದಲ್ಲಿ ಬೆಳೆದ ಕಡಲೆಕಾಯಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಂದರುಗಳಿಗೆ ರೈಲಿನಲ್ಲಿ ಹೋಗಬೇಕಾಗಿತ್ತು, ಹೋಗುತ್ತಿದ್ದದ್ದು ಲಾರಿಗಳಲ್ಲಿ. ಪೈಪೋಟಿ ಬಂದರೆ ರೈಲ್ವೆ ಸುಧಾರಿಸಬೇಕೆಂಬುದು ಪಠ್ಯಪುಸ್ತಕದ ಮಾತು. ಅಲ್ಲಿ ಹಾಗಾಗಲಿಲ್ಲ. ಗಟ್ಟಿಯಾಗಿ ದೂರಬಲ್ಲ ಗಿರಾಕಿಗಳೆಲ್ಲ ಲಾರಿ ಹಿಡಿದು ಹೊರಟುಹೋದರು. ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ದೂರುವವರಿಲ್ಲದ ನೆಮ್ಮದಿಯಲ್ಲಿ ರೈಲ್ವೆ ಇನ್ನಷ್ಟು ಕೆಟ್ಟಿತು.

ಭಾರತದ ಫುಟ್‌ಬಾಲ್ ಇಂದು ಆ ರೈಲ್ವೆಯ ಸ್ಥಿತಿಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಬೆಂಗಳೂರಿನ ಯಾವುದೇ ಬಡಾವಣೆಯ ಕಾಲೇಜು ಹುಡುಗರನ್ನು ಮಾತನಾಡಿಸಿ ನೋಡಿ. ಆರ್ಸೆನಲ್, ಲಿವರ್‌ಪೂಲ್, ಬಾರ್ಸಿಲೋನಾ ತಂಡಗಳ ಹನ್ನೊಂದೂ ಹೆಸರುಗಳು ನಾಲಗೆಯ ತುದಿಯಲ್ಲಿರುತ್ತವೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಹುಡುಗರನ್ನು ದೂರುತ್ತಿಲ್ಲ. ಒಳ್ಳೆಯ ಆಟ ಎಲ್ಲಿದೆಯೋ ಅಲ್ಲಿಗೆ ಕಣ್ಣು ಹೋಗುವುದು ಸಹಜ. ಹಿಂದೆ ಊರ ತಂಡವನ್ನು ಬಿಟ್ಟವನಿಗೆ ಬೇರೆ ಆಸರೆ ಇರಲಿಲ್ಲ. ಈಗ ರಿಮೋಟಿನ ಒಂದು ಗುಂಡಿ ಒತ್ತಿದರೆ ಸಾಕು. ಹೊರಹೋಗುವ ದಾರಿ ಇಷ್ಟು ಅಗ್ಗವಾದಾಗ, ಉಳಿದುಕೊಂಡು ಜಗಳವಾಡುವ ವ್ಯವಧಾನ ಯಾರಿಗಿರುತ್ತದೆ?

ಈ ಸ್ಥಿತಿಯನ್ನು ಮೊದಲು ಬಹಿರಂಗವಾಗಿ ಹೇಳಿದವರಲ್ಲಿ ಸುನಿಲ್ ಛೆಟ್ರಿ ಪ್ರಮುಖರು. 2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿದಾಗ, ಛೆಟ್ರಿ ಮೂರು ಗೋಲು ಹೊಡೆದಾಗ, ಕ್ರೀಡಾಂಗಣದಲ್ಲಿದ್ದವರು 2,569 ಮಂದಿ. ಮರುದಿನ ಅವರು ಒಂದು ವಿಡಿಯೊ ಮೂಲಕ ಕೈಮುಗಿದು ಕೇಳಿಕೊಂಡರು: ಯುರೋಪಿನ ತಂಡಗಳ ಮಟ್ಟ ನಮ್ಮಲ್ಲಿಲ್ಲ, ಒಪ್ಪಿಕೊಳ್ಳುತ್ತೇವೆ, ಬೈಯಿರಿ, ಟೀಕಿಸಿ, ಆದರೆ ಅಂತರ್ಜಾಲದಲ್ಲಿ ಕುಳಿತು ಬೈಯುವ ಬದಲು ಕ್ರೀಡಾಂಗಣಕ್ಕೆ ಬಂದು ನಮ್ಮ ಮುಖಕ್ಕೇ ಬೈಯಿರಿ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯ, ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ, ಟಿಕೆಟುಗಳೆಲ್ಲ ಮಾರಾಟವಾಗಿ ಸುರಿವ ಮಳೆಯಲ್ಲಿ ನಡೆಯಿತು. ಭಾರತ 3–0ರಿಂದ ಗೆದ್ದಿತು.

ಬಹಳ ಜನ ಇದನ್ನು ಭಾವನಾತ್ಮಕ ಮನವಿಯೆಂದು ಮಾತ್ರ ಗ್ರಹಿಸಿದರು. ನನ್ನ ದೃಷ್ಟಿಯಲ್ಲಿ ಅದರೊಳಗೊಂದು ಖಚಿತವಾದ ಲೆಕ್ಕಾಚಾರವಿದೆ. ಬಾರದೇ ಇದ್ದವನು ಬರುವುದಿಲ್ಲವೆಂದು ಬೆದರಿಸಿದರೆ ಯಾರೂ ಹೆದರುವುದಿಲ್ಲ. ತುಂಬಿದ್ದ ಆಸನ ಖಾಲಿಯಾದಾಗ ಮಾತ್ರ ಮಾಲೀಕನ ಎದೆ ನಡುಗುತ್ತದೆ. 2016ರ ಫೆಬ್ರುವರಿ 6ರಂದು ಲಿವರ್‌ಪೂಲ್‌ನ ಆ್ಯನ್‌ಫೀಲ್ಡ್‌ನಲ್ಲಿ ನಡೆದದ್ದು ಇದೇ. ಹೊಸ ಸ್ಟ್ಯಾಂಡಿನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಬೆಲೆ ಕಟ್ಟಿದ್ದನ್ನು ವಿರೋಧಿಸಿ, ಪಂದ್ಯದ 77ನೆಯ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಮಂದಿ ಎದ್ದು ಹೊರನಡೆದರು. ಆಗ ಅವರ ತಂಡ ಸಂಡರ್‌ಲ್ಯಾಂಡ್ ವಿರುದ್ಧ 2–0ರಿಂದ ಮುಂದಿತ್ತು. ಕೊನೆಗೆ ಪಂದ್ಯ 2–2ರಲ್ಲಿ ಮುಗಿಯಿತು. ಒಂದು ಕಲ್ಲು ಹಾರಲಿಲ್ಲ. ಯಾವ ಆಟಗಾರನನ್ನೂ ಹಳಿಯಲಿಲ್ಲ. ನಾಲ್ಕೇ ದಿನಗಳಲ್ಲಿ ಅಮೆರಿಕದ ಮಾಲೀಕರು ಕ್ಷಮೆ ಕೇಳಿ, ಗರಿಷ್ಠ ಬೆಲೆಯನ್ನು ಎರಡು ಋತುಗಳ ಕಾಲ ಹಿಂದಿನ 59 ಪೌಂಡಿನಲ್ಲೇ ಉಳಿಸುವುದಾಗಿ ಘೋಷಿಸಿದರು. ಎಷ್ಟೋ ವರ್ಷ ಸತತವಾಗಿ ಆ ಆಸನಗಳಲ್ಲಿ ಕುಳಿತವರಾದ್ದರಿಂದಲೇ ಅವರು ಎದ್ದದ್ದಕ್ಕೆ ಬೆಲೆ ಬಂದಿತು.

ಇನ್ನು ದನಿ ಯಾರ ಕಡೆ ತಿರುಗಬೇಕು ಎಂಬುದು. ನಮ್ಮ ಹತಾಶೆ ಸಾಮಾನ್ಯವಾಗಿ ಎದ್ದು ಬೀಳುವುದು ಕಣ್ಣಿಗೆ ಕಾಣುವ ಆಟಗಾರನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. 2019ರ ಅಕ್ಟೋಬರ್‌ನಲ್ಲಿ ಆರ್ಸೆನಲ್‌ನ ಅಭಿಮಾನಿಗಳು ತಮ್ಮದೇ ತಂಡದ ನಾಯಕ ಗ್ರಾನಿತ್ ಜಾಕಾ ಅಂಗಳದಿಂದ ಹೊರಬರುವಾಗ ಕೂಗಾಡಿ ಅವಮಾನಿಸಿದರು. ಆತ ತಿರುಗಿ ಕೆರಳಿ, ನಾಯಕತ್ವ ಕಳೆದುಕೊಂಡ. ಅದೇ ಆಟಗಾರ ಉಳಿದುಕೊಂಡು, 2023ರ ಮೇ ತಿಂಗಳಲ್ಲಿ ಅದೇ ಅಂಗಳದಲ್ಲಿ ವಿದಾಯದ ಪಂದ್ಯದಲ್ಲಿ ಎರಡು ಗೋಲು ಹೊಡೆದಾಗ, ಹೋಗಬೇಡವೆಂದು ಹಾಡಿದ್ದೂ ಅದೇ ಜನ. ಮರುವರ್ಷ ಆತ ಜರ್ಮನಿಯ ಲೆವರ್‌ಕೂಸನ್ ತಂಡದೊಂದಿಗೆ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದ. ಇದು ಸುಖಾಂತವಾದ ಪ್ರಸಂಗ. 1994ರ ವಿಶ್ವಕಪ್‌ನಲ್ಲಿ ತನ್ನದೇ ಗೋಲಿಗೆ ಚೆಂಡು ತಗುಲಿಸಿದ ಕೊಲಂಬಿಯಾದ ಆಂಡ್ರೆಸ್ ಎಸ್ಕೊಬಾರ್ ಹತ್ತು ದಿನಗಳಲ್ಲಿ ಮೆಡಲಿನ್ ನಗರದಲ್ಲಿ ಗುಂಡಿಗೆ ಬಲಿಯಾದರು. ನಮ್ಮ ಕೋಲ್ಕತ್ತದಲ್ಲಿಯೂ 1980ರ ಆಗಸ್ಟ್ 16ರಂದು ಈಸ್ಟ್ ಬೆಂಗಾಲ್–ಮೋಹನ್ ಬಾಗನ್ ಪಂದ್ಯದ ವೇಳೆ ಈಡನ್ ಗಾರ್ಡನ್ಸ್‌ನಲ್ಲಿ ಹೊಡೆದಾಟ, ನೂಕುನುಗ್ಗಲು ಉಂಟಾಗಿ 16 ಪ್ರೇಕ್ಷಕರು ಸತ್ತರು.

ಭಾರತ ಗೋಲು ಹೊಡೆಯುವುದಿಲ್ಲ ಎಂಬ ದೂರನ್ನೇ ತೆಗೆದುಕೊಳ್ಳೋಣ. ಅವಕಾಶ ಕೈಚೆಲ್ಲಿದ ಹುಡುಗನನ್ನು ಬೈಯುವುದು ಸುಲಭ. ಆದರೆ ಆತ ತನ್ನ ಕ್ಲಬ್‌ನಲ್ಲಿ ಎಲ್ಲಿ ಆಡುತ್ತಾನೆ? ಇಂಡಿಯನ್ ಸೂಪರ್ ಲೀಗ್‌ನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಆಡಿಸಬಹುದೆಂಬ ನಿಯಮದಡಿ ಹೆಚ್ಚಿನ ಕ್ಲಬ್‌ಗಳು ನಡು ಮುಂಚೂಣಿಯ ಸ್ಥಾನವನ್ನು ವಿದೇಶಿಯನಿಗೆ ಕೊಟ್ಟವು. ಭಾರತೀಯ ಹುಡುಗ ಅಂಚಿಗೆ ಸರಿಯುತ್ತಾನೆ, ಇಲ್ಲವೇ ಬೆಂಚಿನ ಮೇಲೆ ಕೂರುತ್ತಾನೆ. ವರ್ಷವಿಡೀ ಆಡದ ಸ್ಥಾನದಲ್ಲಿ ದೇಶಕ್ಕಾಗಿ ಎರಡು ವಾರ ಆಡಿ ಗೋಲು ಹೊಡೆಯೆಂದರೆ ಹೇಗೆ? 2024ರ ಜೂನ್‌ನಲ್ಲಿ ನಿವೃತ್ತರಾದ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ, ಅವರ 40ನೆಯ ವಯಸ್ಸಿನಲ್ಲಿ, ಮತ್ತೆ ಕರೆತರಬೇಕಾಯಿತು. 2024–25ರ ಲೀಗ್‌ನಲ್ಲಿ ಅತಿ ಹೆಚ್ಚು, ಅಂದರೆ 14, ಗೋಲು ಹೊಡೆದ ಭಾರತೀಯರೂ ಅವರೇ ಆಗಿದ್ದರು. ಇದು ಛೆಟ್ರಿಗೆ ಹೆಮ್ಮೆ, ವ್ಯವಸ್ಥೆಗೆ ಛೀಮಾರಿ. ವಿದೇಶಿಯರ ಸಂಖ್ಯೆಯನ್ನು ಅಂಗಳದಲ್ಲಿರುವ ಹುಡುಗ ನಿಗದಿ ಮಾಡಿದ್ದಲ್ಲ. 2024–25ರಲ್ಲಿ ರಾಷ್ಟ್ರೀಯ ತಂಡದ ಕೋಚ್ ಏಕಕಾಲಕ್ಕೆ ಎಫ್‌ಸಿ ಗೋವಾದ ಕೋಚ್ ಕೂಡ ಆಗಿರಲಿ ಎಂದು ಒಪ್ಪಿಕೊಂಡವನೂ ಅವನಲ್ಲ. ಆ ನಿರ್ಣಯಗಳಿಗೆ ಸಹಿ ಹಾಕಿದವರಿದ್ದಾರೆ, ಅವರಿಗೊಂದು ಕಚೇರಿಯಿದೆ, ಆ ಕಚೇರಿಗೆ ಅಂಚೆ ತಲುಪುತ್ತದೆ.

ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದವನಾಗಿ ಇಲ್ಲಿ ಒಂದು ಮಾತು ಹೇಳಬಲ್ಲೆ. ಬೈಗುಳದ ಅರ್ಜಿಗಿಂತ ಅಧಿಕಾರಿಗೆ ಪ್ರಿಯವಾದುದು ಬೇರೊಂದಿಲ್ಲ. ಅದನ್ನು ‘ಅಸಂಬದ್ಧ’ ಎಂದು ಷರಾ ಬರೆದು ಕಡತಕ್ಕೆ ಸೇರಿಸಿ ನಿಶ್ಚಿಂತನಾಗಿರಬಹುದು. ನಿದ್ದೆಗೆಡಿಸುವುದು ಮೂರೇ ಸಾಲಿನ ಪತ್ರ: ಇಂಥ ದಿನಾಂಕದಂದು, ಇಂಥ ನಿಯಮದಡಿ, ಇಂಥ ನಿರ್ಣಯವನ್ನು ಏಕೆ ಕೈಗೊಂಡಿರಿ? ಭಾರತದ ಫುಟ್‌ಬಾಲ್ ಆಡಳಿತವನ್ನು ಅಲುಗಾಡಿಸಿದ್ದು ಕೂಡ ಇಂಥದೇ ಕೆಲಸ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಚುನಾವಣೆ ಕ್ರೀಡಾ ಸಂಹಿತೆಗೆ ವಿರುದ್ಧವೆಂದು ವಕೀಲರೊಬ್ಬರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಆ ಚುನಾವಣೆಯನ್ನು ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿ, 2022ರ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನು ಕೆಲದಿನ ಅಮಾನತಿನಲ್ಲಿಟ್ಟ ಮುಜುಗರವನ್ನೂ ದಾಟಿ, ಕಡೆಗೆ 2025ರ ಸೆಪ್ಟೆಂಬರ್‌ನಲ್ಲಿ ಫೆಡರೇಷನ್‌ಗೆ ಹೊಸ ಸಂವಿಧಾನವೊಂದಕ್ಕೆ ಒಪ್ಪಿಗೆ ದೊರೆಯಿತು. ಎಂಟು ವರ್ಷ ಹಿಡಿಯಿತು, ನಿಜ. ನಮ್ಮಲ್ಲಿ ಜಮೀನಿನ ಪೋಡಿಗೂ ಅಷ್ಟೇ ಕಾಲ ಹಿಡಿಯುವುದುಂಟು.

ಹಾಗಾದರೆ ಎಂದೆಂದಿಗೂ ಎದ್ದು ಹೋಗಬಾರದೆ? ಷರತ್ತಿಲ್ಲದ ನಿಷ್ಠೆ ಆಡಳಿತಗಾರನನ್ನು ಸೋಮಾರಿಯಾಗಿಸುತ್ತದೆ. ಹೋಗಲೇಬೇಕಾದ ಸಂದರ್ಭಗಳೂ ಇವೆ. 2002ರ ಮೇ ತಿಂಗಳಲ್ಲಿ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ ಆಯೋಗ ಅನುಮತಿ ಕೊಟ್ಟಿತು. ಇಲ್ಲಿ ಅಭಿಮಾನಿಗಳು ಕ್ಲಬ್ ಬಿಟ್ಟರೆನ್ನುವುದಕ್ಕಿಂತ ಕ್ಲಬ್ಬೇ ಅವರನ್ನು ಬಿಟ್ಟಿತೆನ್ನುವುದು ಸರಿ. ಅವರು ಬೇರೆ ತಂಡ ಹುಡುಕಿಕೊಂಡು ಹೋಗಲಿಲ್ಲ. ತಾವೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ, ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿ, ಇಂಗ್ಲಿಷ್ ಫುಟ್‌ಬಾಲ್‌ನ ಒಂಬತ್ತನೆಯ ಮೆಟ್ಟಿಲಿನಿಂದ ಆರಂಭಿಸಿದರು. ಒಂಬತ್ತು ಋತುಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ವೃತ್ತಿಪರ ಲೀಗ್ ಸೇರಿದರು. ಬರ್ಲಿನ್‌ನ ಯೂನಿಯನ್ ಕ್ಲಬ್‌ನ ಅಭಿಮಾನಿಗಳದು ಇನ್ನೊಂದು ಬಗೆ. 2004ರಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂದಾಗ ರಕ್ತ ಕೊಟ್ಟು, ಅದರಿಂದ ಬಂದ ಹಣವನ್ನು ಕ್ಲಬ್ಬಿಗೆ ಕೊಟ್ಟರು. 2008–09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಿಟ್ಟಿ ದುಡಿದು ಕ್ರೀಡಾಂಗಣವನ್ನೇ ನವೀಕರಿಸಿದರು. 2019ರಲ್ಲಿ ಆ ಕ್ಲಬ್ ಜರ್ಮನಿಯ ಅಗ್ರ ಲೀಗ್‌ಗೆ ಏರಿತು.

ನಮ್ಮಲ್ಲಿ ಇದು ಅಸಾಧ್ಯವೆಂದು ಕೈಚೆಲ್ಲಬೇಕಾಗಿಲ್ಲ. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧದ ಸ್ಯಾಫ್ ಫೈನಲ್ ಪೆನಾಲ್ಟಿಗಳಲ್ಲಿ ಮುಗಿದ ರಾತ್ರಿ ಗ್ಯಾಲರಿ ಕಿಕ್ಕಿರಿದಿತ್ತು. ಬೆಂಗಳೂರು ಎಫ್‌ಸಿಗೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವಿದೆ. ಆ ಕ್ಲಬ್ 2018–19ರಲ್ಲಿ ಲೀಗ್ ಗೆದ್ದದ್ದನ್ನೂ, 2023–24ರಲ್ಲಿ ಹತ್ತನೆಯ ಸ್ಥಾನಕ್ಕೆ ಕುಸಿದದ್ದನ್ನೂ, 2025ರ ಏಪ್ರಿಲ್‌ನಲ್ಲಿ ಮೋಹನ್ ಬಾಗನ್‌ಗೆ ಹೆಚ್ಚುವರಿ ಅವಧಿಯಲ್ಲಿ ಫೈನಲ್ ಸೋತದ್ದನ್ನೂ ಅವರು ಕಂಡಿದ್ದಾರೆ. 2025ರ ಆಗಸ್ಟ್‌ನಲ್ಲಿ ಲೀಗ್‌ನ ಭವಿಷ್ಯವೇ ಅನಿಶ್ಚಿತವಾಗಿ, ಕ್ಲಬ್ ತನ್ನ ಆಟಗಾರರ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿದ್ದನ್ನೂ ಕಂಡರು.

ಅದೇ ವರ್ಷ ಡಿಸೆಂಬರ್ 13ರಂದು ಲಿಯೊನೆಲ್ ಮೆಸ್ಸಿಯನ್ನು ನೋಡಲು ಸಾವಿರಾರು ರೂಪಾಯಿ ತೆತ್ತು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಜನ ಕಿಕ್ಕಿರಿದರು. ಗಣ್ಯರ ಗುಂಪು ಮುತ್ತಿಕೊಂಡು ಮೆಸ್ಸಿ ಸರಿಯಾಗಿ ಕಾಣಲೇ ಇಲ್ಲ. ಅವರು ಬೇಗನೆ ಹೊರಟುಹೋದರು. ಪ್ರೇಕ್ಷಕರು ಕುರ್ಚಿಗಳನ್ನು ಕಿತ್ತು ಅಂಗಳಕ್ಕೆಸೆದರು. ಆ ದಿನ ದೇಶದ ಅಗ್ರ ಫುಟ್‌ಬಾಲ್ ಲೀಗ್‌ನ ಋತು ಆರಂಭವೇ ಆಗಿರಲಿಲ್ಲ. ಲೀಗ್ ನಡೆಸುವ ವಾಣಿಜ್ಯ ಒಪ್ಪಂದದ ಅವಧಿ ಐದು ದಿನಗಳ ಹಿಂದಷ್ಟೇ ಮುಗಿದಿತ್ತು. ಅದರ ಬಗ್ಗೆ ಕೇಳಲು ಫೆಡರೇಷನ್ ಕಚೇರಿಯ ಮುಂದೆ ಅಷ್ಟು ಜನ ಸೇರಿರಲಿಲ್ಲ.