ರಕ್ತದಲ್ಲಿ ಬಂದದ್ದೆಷ್ಟು, ಕುಂದಗೋಳದಲ್ಲಿ ಕಲಿತದ್ದೆಷ್ಟು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರ ನಡುವೆ ಫಲಿತಾಂಶ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಪಾಸಾದವನ ಬಗ್ಗೆ, 'ಅವರಪ್ಪ ಮಾಸ್ತರಲೇ, ಓದೂದು ಅವನ ರಕ್ತದಾಗ ಐತಿ.' ಆಗದವನು ತನ್ನ ಬಗ್ಗೆ, 'ನಮ್ಮ ಮನ್ಯಾಗ ಯಾರೂ ಸಾಲಿ ಕಟ್ಟಿ ಹತ್ತಿಲ್ಲ, ನನಗೆಲ್ಲಿಂದ ಬರಬೇಕು?' ಇದಕ್ಕೆ ಪ್ರತಿಯಾಗಿ ಪ್ರೇರಣಾ ಭಾಷಣಗಳಲ್ಲಿ ಇನ್ನೊಂದು ಮಾತು ಇದ್ದೇ ಇರುತ್ತದೆ: 'ಕಷ್ಟಪಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು.' ನನಗೆ ಇವೆರಡೂ ಅರ್ಧ ಸತ್ಯ ಅನ್ನಿಸುತ್ತವೆ. ಹುಬ್ಬಳ್ಳಿ-ಧಾರವಾಡ ಭಾಗದ ಮೂವರು ಗಾಯಕರ ಬದುಕು ನೋಡಿದರೆ ಅದು ಸ್ಪಷ್ಟವಾಗುತ್ತದೆ.

ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಇಲ್ಲಿ 'ರಕ್ತ' ಎನ್ನುವವರಿಗೆ ಸಾಕ್ಷಿ ಸಿಕ್ಕಂತೆ ಕಾಣುತ್ತದೆ. ಆದರೆ ಮಲ್ಲಿಕಾರ್ಜುನ ಮನ್ಸೂರರ ತಂದೆ ಧಾರವಾಡ ಹತ್ತಿರದ ಮನಸೂರಿನ ಕೃಷಿಕರು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಂದೆ ಶಾಲಾ ಶಿಕ್ಷಕರು. ಮೂರು ಬಗೆಯ ಮನೆ, ಆದರೆ ಮೂವರೂ ಮುಟ್ಟಿದ್ದು ಹಿಂದೂಸ್ತಾನಿ ಸಂಗೀತದ ಶಿಖರವನ್ನೇ.

ಮೂವರಿಗೂ ಸಿಕ್ಕ ಒಂದು ಸಂಗತಿಯಿದೆ, ಅದು ಗುರು. ಮನ್ಸೂರರಿಗೆ ಮೊದಲು ಅಣ್ಣನ ನಾಟಕ ಕಂಪನಿ, ಆಮೇಲೆ ಮಿರಜಿನ ನೀಲಕಂಠ ಬುವಾ. ಭೀಮಸೇನರು 11ನೇ ವಯಸ್ಸಿನಲ್ಲೇ ಗುರುವನ್ನು ಹುಡುಕಿ ಮನೆ ಬಿಟ್ಟು ಹೋದರು. ಜಲಂಧರದವರೆಗೂ ಅಲೆದು, ಕೊನೆಗೆ ನೆಲೆಯಾದದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ. ಗಂಗೂಬಾಯಿಯವರೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಕುಂದಗೋಳಕ್ಕೆ ಪಾಠಕ್ಕೆ ಹೋಗುತ್ತಿದ್ದರು. ಸವಾಯಿ ಗಂಧರ್ವರು ಅಷ್ಟು ಹತ್ತಿರ ಇಲ್ಲದಿದ್ದರೆ ಅವರ ಸಂಗೀತ ಹೇಗಿರುತ್ತಿತ್ತೋ!

ಹಾಗಾದರೆ ಹುಟ್ಟಿನ ಪಾತ್ರವೇ ಇಲ್ಲವೇ? ಇದೆ. 50 ವರ್ಷಗಳ ಅವಳಿ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮನುಷ್ಯರ ಗುಣಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸರಾಸರಿ ಶೇ 49 ಎಂದಿತು. ಸ್ವೀಡನ್‌ನ 10 ಸಾವಿರಕ್ಕೂ ಹೆಚ್ಚು ಅವಳಿಗಳ ಮೇಲೆ 2014ರಲ್ಲಿ ನಡೆದ ಅಧ್ಯಯನದಲ್ಲಿ ಇನ್ನೂ ಅಚ್ಚರಿಯ ಅಂಶವಿತ್ತು: ಯಾರು ಎಷ್ಟು ಹೊತ್ತು ಸಂಗೀತಾಭ್ಯಾಸ ಮಾಡುತ್ತಾರೆ ಎಂಬ ವ್ಯತ್ಯಾಸದಲ್ಲೂ ಅನುವಂಶೀಯತೆಗೆ ಶೇ 40ರಿಂದ 70ರಷ್ಟು ಪಾಲಿತ್ತು. ಅಂದರೆ ಪ್ರತಿಭೆಯಷ್ಟೇ ಅಲ್ಲ, ಕುಳಿತು ದುಡಿಯುವ ಸ್ವಭಾವವೂ ಒಂದಿಷ್ಟು ಹುಟ್ಟಿನಿಂದ ಬರುತ್ತದೆ.

ಆದರೆ ಈ ಅಂಕಿಗಳು ನಮ್ಮ ಹಣೆಬರಹವಲ್ಲ. ನನಗೆ ಬಂದ 100 ಅಂಕಗಳಲ್ಲಿ 49 ಅಪ್ಪ-ಅಮ್ಮನದು ಎಂದು ಇದರ ಅರ್ಥವಲ್ಲ. ಒಂದೇ ಎರೆ ಹೊಲದಲ್ಲಿ ಬೇರೆ ಬೇರೆ ಜೋಳದ ಬೀಜ ಬಿತ್ತಿದರೆ ಬೆಳೆಯಲ್ಲಿ ಕಾಣುವ ವ್ಯತ್ಯಾಸ ಬೀಜದ್ದು. ಒಂದೇ ಬೀಜವನ್ನು ಎರೆಯಲ್ಲೂ ಕಲ್ಲುನೆಲದಲ್ಲೂ ಬಿತ್ತಿದರೆ ವ್ಯತ್ಯಾಸ ನೆಲದ್ದು. ಸಪ್ತಾಪುರಕ್ಕೆ ಬರುವ ನಾವೆಲ್ಲ ಒಂದೇ ಹೊಲದಲ್ಲಿ ಬೆಳೆದವರಲ್ಲ. ಒಬ್ಬನ ಮನೆಯಲ್ಲಿ ದಿನಾ ಪತ್ರಿಕೆ ಬರುತ್ತಿತ್ತು, ಇನ್ನೊಬ್ಬ ಸುಗ್ಗಿಯಲ್ಲಿ ಶಾಲೆ ಬಿಟ್ಟು ಕೂಲಿಗೆ ಹೋಗಬೇಕಿತ್ತು. ಇಬ್ಬರ ಅಂಕ ಹೋಲಿಸಿ 'ರಕ್ತ' ಅನ್ನುವುದು ಹೊಲವನ್ನೇ ನೋಡದೆ ಬೀಜಕ್ಕೆ ಹೆಸರಿಟ್ಟಂತೆ.

ಅಲ್ಲದೆ ನಮ್ಮ ಸಮಾಜದಲ್ಲಿ 'ರಕ್ತ'ದ ಮಾತು ಜಾತಿಯ ಮಾತಾಗಲು ಹೊತ್ತು ಬೇಕಿಲ್ಲ. ಗಂಗೂಬಾಯಿಯವರಿಗೆ ತಾಯಿಯ ಕಡೆಯಿಂದ ಸಂಗೀತ ಬಂದಿತು. ಅದೇ ಹುಟ್ಟಿನ ಕಾರಣಕ್ಕೆ ಅವಮಾನವೂ ಬಂದಿತು. ಐದನೇ ತರಗತಿವರೆಗಷ್ಟೇ ಓದಿದ ಅವರಿಗೆ 2002ರಲ್ಲಿ ಪದ್ಮವಿಭೂಷಣ ಸಂದಿತು. ಹಾಗೆಯೇ ದೊಡ್ಡ ಮನೆತನದಲ್ಲಿ ಹುಟ್ಟಿದವರೂ ಅದೇ ಹಾದಿ ಹಿಡಿಯಬೇಕೆಂದಿಲ್ಲ. ಮನ್ಸೂರರ ಮಗ ರಾಜಶೇಖರ ಮನ್ಸೂರ ತಂದೆಯಿಂದ ಗಾಯನ ಕಲಿತರು, ಜೊತೆಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೂ ಆಗಿದ್ದರು.

ಇದೆಲ್ಲದರಿಂದ ನಾನು ಕಂಡುಕೊಂಡದ್ದು ಎರಡು. ಒಂದು, ಎಲ್ಲರಿಗೂ ಎಲ್ಲ ಕೆಲಸದಲ್ಲೂ ಒಂದೇ ಸಮ ಮನಸ್ಸು ನಿಲ್ಲುವುದಿಲ್ಲ. ದಿನಕ್ಕೆ 12 ತಾಸು ಓದಲಾಗದ ಗೆಳೆಯನನ್ನು ಸೋಮಾರಿ ಎನ್ನುವ ಮುನ್ನ, ಅವನಿಗೆ ಹೊತ್ತು ಹೋದದ್ದೇ ತಿಳಿಯದ ಕೆಲಸ ಯಾವುದು ಎಂದು ಕೇಳೋಣ. ಕೆಲವೊಮ್ಮೆ ಬದಲಾಗಬೇಕಾದದ್ದು ಹುಡುಗನಲ್ಲ, ಪರೀಕ್ಷೆ. ಎರಡು, ಹುಟ್ಟನ್ನು ಬದಲಿಸಲಾಗದು, ಯಾರ ಬಳಿ ಕುಳಿತು ಕಲಿಯುತ್ತೇವೆ ಎಂಬುದನ್ನು ಬದಲಿಸಬಹುದು. ಮನೆಯಲ್ಲಿ ಯಾರೂ ಓದಿಲ್ಲ ಎಂಬುದು ನಿಜವಾಗಿದ್ದರೆ ಅದು ಓದು ಬಿಡಲು ಕಾರಣವಲ್ಲ, ಹೇಳಿಕೊಡುವವರನ್ನು ಹೊರಗೆ ಹುಡುಕಲು ಕಾರಣ. ಹಿರಿಯ ಸಹಪಾಠಿ, ಊರಿನ ಗ್ರಂಥಪಾಲಕ, ನಿವೃತ್ತ ಮಾಸ್ತರ, ಯಾರಾದರೂ ಆಗಬಹುದು. ಗೆಳೆಯರೇ, ಅಂಥವರು ಸಿಕ್ಕರೆ ಸಂಕೋಚ ಬಿಟ್ಟು ಹೋಗಿ ಕೇಳಿ. ಈಗಾಗಲೇ ನೌಕರಿ ಹಿಡಿದವರು ನೀವಾಗಿದ್ದರೆ, ನಿಮ್ಮೂರಿನ ಒಬ್ಬ ಹುಡುಗನಿಗೋ ಹುಡುಗಿಗೋ ವಾರಕ್ಕೊಂದು ತಾಸು ಕೊಡಿ.