ಹಿಡಿಯುವವನೂ ಅವನೇ, ರೈಡಿಗೆ ಹೋಗುವವನೂ ಅವನೇ

ಮಳೆ ಬಿಟ್ಟು ಗದ್ದೆ ಕೊಯ್ಲಾದ ಮೇಲೆ ಕೋಟ, ತೆಕ್ಕಟ್ಟೆ, ಕುಂಭಾಶಿಯಿಂದ ಬೈಂದೂರಿನ ತನಕ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಕಾಲ. ಇಲ್ಲಿನ ಬಹುತೇಕ ತಂಡಗಳಲ್ಲಿ ಒಬ್ಬ ಹುಡುಗನಿರುತ್ತಾನೆ. ಕಾರ್ನರಿನಲ್ಲಿ ನಿಂತು ಕಾಲು ಹಿಡಿಯುವವನೂ ಅವನೇ, ಅಂಕ ಬೇಕಾದಾಗ ರೈಡಿಗೆ ಹೋಗುವವನೂ ಅವನೇ. ಊರಿನವರಿಗೆ ಅವನ ಮೇಲೆ ವಿಶೇಷ ಅಭಿಮಾನ, ಅದು ಸರಿಯೂ ಹೌದು. ಆದರೆ ಅವನನ್ನು ಆಡಿಸುವ ರೀತಿ ಸರಿಯಿಲ್ಲ. ಎರಡೂ ಕೆಲಸ ಬಲ್ಲವನಿಗೆ ಎರಡನ್ನೂ ಸಮನಾಗಿ ಹೊರಿಸಬಾರದು. ಒಂದು ಅವನ ಮುಖ್ಯ ಕೆಲಸವಾಗಬೇಕು, ಇನ್ನೊಂದನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕು. ಆಟ ವೇಗವಾದಷ್ಟೂ ಈ ಲೆಕ್ಕ ಬಿಗಿಯಾಗಬೇಕು.

ಲೆಕ್ಕವನ್ನೇ ನೋಡೋಣ. ನಿಯಮದಂತೆ ಪಂದ್ಯಕ್ಕೆ 20 ನಿಮಿಷಗಳ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಒಂದು ರೈಡಿಗೆ ಹೆಚ್ಚೆಂದರೆ 30 ಸೆಕೆಂಡು, ಅದು ಮುಗಿದ 5 ಸೆಕೆಂಡಿನೊಳಗೆ ಎದುರು ತಂಡದ ರೈಡರ್ ಹೊರಡಬೇಕು. ಅಂದರೆ ನಿಮಿಷಕ್ಕೆ ಸುಮಾರು ಒಂದೊಂದು ರೈಡ್ ಎರಡೂ ಕಡೆಗೆ. ತನ್ನ ತಂಡದ ಅರ್ಧದಷ್ಟು ರೈಡುಗಳನ್ನು ಈ ಹುಡುಗನೇ ಮಾಡಿದರೆ ಒಂದು ಅವಧಿಯಲ್ಲಿ ಹತ್ತು ಸಲ ಉಸಿರು ಕಟ್ಟಿ ಎದುರಾಳಿ ಅಂಕಣಕ್ಕೆ ಹೋಗಿ ಬರಬೇಕು, ಇಪ್ಪತ್ತು ಸಲ ಸೊಂಟ ಬಗ್ಗಿಸಿ ಕಾರ್ನರಿನಲ್ಲಿ ಕಾಯಬೇಕು. ಬೇಗ ಹೋಗಿ ಬೇಗ ಬರುವ ತಂಡದಲ್ಲಿ ಈ ಸಂಖ್ಯೆ ಇನ್ನೂ ಏರುತ್ತದೆ. ಬಲಿಷ್ಠ ರೈಡರ್‌ನ ಪಾದ ಹಿಡಿದು, ಅವನು ಮಧ್ಯಗೆರೆಯತ್ತ ಎಳೆಯುವಾಗ ಎದೆಯೂರಿ ತಡೆದವನು ಎದ್ದು ಮಣ್ಣು ಕೊಡವಿಕೊಳ್ಳುವ ಮೊದಲೇ ಅವನನ್ನು ರೈಡಿಗೆ ಕಳಿಸಿದರೆ, ಅವನ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎಷ್ಟು ಹೊತ್ತು ನಿಂತೀತು? ಹದಿನಾರು ತಂಡಗಳ ನಾಕೌಟ್ ಪಂದ್ಯಾಟವಾದರೆ ಫೈನಲ್ ತಲುಪಿದವನಿಗೆ ಒಂದೇ ರಾತ್ರಿಯಲ್ಲಿ ಅದು ನಾಲ್ಕನೇ ಪಂದ್ಯ. ಅವಧಿಯನ್ನು ಕಡಿಮೆ ಮಾಡಿದ್ದರೂ ಮೊಣಕಾಲಿಗೆ, ಹೆಗಲಿಗೆ ಬೀಳುವ ಪೆಟ್ಟು ಕೂಡುತ್ತಲೇ ಹೋಗುತ್ತದೆ.

ದಣಿವಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಬರೀ ರೈಡರ್ ಔಟಾದರೆ ತಂಡಕ್ಕೆ ರೈಡ್ ದುರ್ಬಲವಾಗುತ್ತದೆ, ಹಿಡಿತ ಬಹುಮಟ್ಟಿಗೆ ಉಳಿಯುತ್ತದೆ. ಆಲ್‌ರೌಂಡರ್ ಔಟಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ಔಟಾದವನ ಜಾಗಕ್ಕೆ ಬದಲಿ ಆಟಗಾರನನ್ನು ಇಳಿಸಲು ನಿಯಮದಲ್ಲಿ ಅವಕಾಶವಿಲ್ಲ, ತಂಡ ಅಂಕ ಗಳಿಸಿ ಸರದಿ ಬಂದಾಗಲೇ ಅವನು ಒಳಗೆ ಬರಬೇಕು. ಹೊರಗೆ ಕೂರುವುದೇ ಅವನಿಗೆ ವಿಶ್ರಾಂತಿಯಲ್ಲವೇ ಎಂದು ಕೇಳುವವರಿದ್ದಾರೆ. ವಿಶ್ರಾಂತಿ ಹೌದು, ಆದರೆ ಅದರ ಹೊತ್ತನ್ನು ನಿರ್ಧರಿಸುವವರು ಎದುರಾಳಿಗಳು. ಅವನು ಕೂತಿರುವ ಆ ಎರಡು ಮೂರು ನಿಮಿಷದಲ್ಲೇ ಆಲೌಟ್ ಆಗಿ, ಎರಡು ಹೆಚ್ಚುವರಿ ಅಂಕ ಕೊಟ್ಟು ಪಂದ್ಯ ಕೈಬಿಡುವುದುಂಟು.

ಪ್ರೊ ಕಬಡ್ಡಿಯ ಅನುಭವವೂ ಇದನ್ನೇ ಹೇಳುತ್ತದೆ. 2014ರಲ್ಲಿ ಲೀಗ್ ಶುರುವಾದಾಗ ಬೆಂಗಳೂರು ಬುಲ್ಸ್ ನಾಯಕನಾಗಿದ್ದ ಮಂಜೀತ್ ಚಿಲ್ಲರ್ ರೈಡೂ ಮಾಡುತ್ತಿದ್ದರು, ಹಿಡಿಯುತ್ತಲೂ ಇದ್ದರು. ವರ್ಷಗಳು ಕಳೆದಂತೆ ರೈಡ್ ಇಳಿಸಿ ಹಿಡಿತಕ್ಕೇ ನಿಂತರು, ಲೀಗಿನಲ್ಲಿ 300ಕ್ಕೂ ಹೆಚ್ಚು ಟ್ಯಾಕಲ್ ಅಂಕ ಗಳಿಸಿದರು. ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹತ್ತನೇ ಆವೃತ್ತಿ ಗೆದ್ದಾಗ ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಆ ತಂಡದಲ್ಲಿದ್ದರು. 2.35 ಕೋಟಿ ರೂಪಾಯಿ ಕೊಟ್ಟು ಕೊಂಡ ಆಲ್‌ರೌಂಡರ್! ಹಾಗೆಂದು ಅವರನ್ನು ಪ್ರತಿ ರೈಡಿಗೂ ಅಟ್ಟಲಿಲ್ಲ. ರೈಡಿಗೆ ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಇದ್ದರು. ಶಾದ್ಲೂಯಿ ಮುಖ್ಯವಾಗಿ ಹಿಡಿತಗಾರನಾಗಿಯೇ ಆಡಿ 99 ಟ್ಯಾಕಲ್ ಅಂಕಗಳೊಂದಿಗೆ ಆವೃತ್ತಿಗೇ ಮೊದಲಿಗರಾದರು. ಇದೇ ರಮೇಶ್ ತರಬೇತುಗೊಳಿಸಿದ್ದ ಬೆಂಗಾಲ್ ವಾರಿಯರ್ಸ್ 2019ರ ಫೈನಲ್ ಆಡುವಾಗ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಅಂದು ಆಲ್‌ರೌಂಡರ್ ನಬಿಬಕ್ಷ್ ಭಾರ ಹೊತ್ತು ತಂಡವನ್ನು 39–34ರಿಂದ ಗೆಲ್ಲಿಸಿದರು. ಆಲ್‌ರೌಂಡರ್ ಇರಬೇಕಾದದ್ದು ಇಂಥ ಹೊತ್ತಿಗೆ. ಇನ್ನು, ಒಂದೇ ಕೆಲಸ ನೆಚ್ಚಿಕೊಂಡವರು ಎಷ್ಟು ಎತ್ತರ ಮುಟ್ಟಬಲ್ಲರು ಎನ್ನಲು ನಮ್ಮ ಗಂಗೊಳ್ಳಿ ಮೂಲದ ರಿಶಾಂಕ್ ದೇವಾಡಿಗ ಇದ್ದಾರೆ. 2017ರಲ್ಲಿ ಯು.ಪಿ. ಯೋಧಾ ಪರ ಒಂದೇ ಪಂದ್ಯದಲ್ಲಿ 28 ರೈಡ್ ಅಂಕ ಗಳಿಸಿದ ರೈಡರ್ ಅವರು.

ಅಮೆರಿಕದ ಫುಟ್‌ಬಾಲಿನಲ್ಲೂ ಇದೇ ಚರ್ಚೆ ಹಳೆಯದು. ಅಲ್ಲಿನ ವೃತ್ತಿಪರ ಲೀಗ್ 1950ರಲ್ಲಿ ಬದಲಿ ಆಟಗಾರರ ಮಿತಿಯನ್ನು ತೆಗೆದುಹಾಕಿದ ಮೇಲೆ ದಾಳಿಗೊಂದು ದಂಡು, ರಕ್ಷಣೆಗೊಂದು ದಂಡು ಎಂದಾಯಿತು. ಎರಡೂ ಕಡೆ ಆಡುವವರು ಅಪರೂಪವಾದರು. ಆದರೆ 2024ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಟ್ರಾವಿಸ್ ಹಂಟರ್ ಎರಡೂ ಕಡೆ ಪೂರ್ತಿ ಆಡಿ, ಕಾಲೇಜು ಮಟ್ಟದ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿಯನ್ನೇ ಪಡೆದರಲ್ಲ, ನಮ್ಮ ಹುಡುಗನಿಗೇಕೆ ಆಗದು? ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಆಟದಲ್ಲಿ ಒಂದು ಸುತ್ತು ಮುಗಿದು ಮುಂದಿನದಕ್ಕೆ 40 ಸೆಕೆಂಡಿನವರೆಗೂ ಬಿಡುವು ಸಿಗುತ್ತದೆ. ದಾಳಿಯ ವೇಗ ಹೆಚ್ಚಿಸುವ ತಂಡಗಳು ಆ ಬಿಡುವನ್ನೇ ಬೇಕೆಂದು ಕಿತ್ತುಕೊಳ್ಳುತ್ತವೆ, ಆಗ ಅಲ್ಲಿಯೂ ಎರಡು ಕಡೆ ಆಡುವವನಿಗೆ ಮೊದಲು ಕುಂದುವುದು ಉಸಿರು. ಕಬಡ್ಡಿ ಹುಟ್ಟಿನಿಂದಲೇ ಅಂಥ ವೇಗದ ಆಟ.

ಹಳ್ಳಿಯ ತಂಡಕ್ಕೆ ಅಷ್ಟು ಮಂದಿ ರೈಡರ್‌ಗಳು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಉತ್ತರ ನಿಯಮದೊಳಗೇ ಇದೆ. ಪ್ರೊ ಮಾದರಿಯಲ್ಲಿ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಅಂಕ ತರಲೇಬೇಕಾದ ಡು ಆರ್ ಡೈ ರೈಡ್. ಮೊದಲೆರಡನ್ನು ಎಳೆಯ ಆಟಗಾರರಿಗೆ ಕೊಡಿ. ಅವರು ಅಂಕ ತರಲೇಬೇಕೆಂದಿಲ್ಲ, ಮಧ್ಯಗೆರೆಯಿಂದ 3.75 ಮೀಟರ್ ದೂರದ ಬಾಕ್ ಲೈನ್ ದಾಟಿ, ಸಮಯ ಕಳೆದು ಸುರಕ್ಷಿತವಾಗಿ ಮರಳಿದರೆ ಸಾಕು. ಮೂರನೆಯದಕ್ಕೆ ಆಲ್‌ರೌಂಡರ್ ಹೋಗಲಿ. ಆಗ ಅವನ ರೈಡ್ ಮೂರರಲ್ಲಿ ಒಂದಕ್ಕಿಳಿಯುತ್ತದೆ, ಹೋಗುವಾಗ ಉಸಿರೂ ತುಂಬಿರುತ್ತದೆ. ಎಳೆಯರು ಕೆಲವೊಮ್ಮೆ ಸಿಕ್ಕಿಬೀಳುತ್ತಾರೆ, ಅಂಕ ಹೋಗುತ್ತದೆ, ನಿಜ. ಆ ನಷ್ಟವನ್ನು ಒಪ್ಪಿಕೊಳ್ಳದೆ ಎರಡನೇ ರೈಡರ್ ಯಾವತ್ತೂ ತಯಾರಾಗುವುದಿಲ್ಲ.

ಇದನ್ನೆಲ್ಲ ಅಂಕಣದ ಒಳಗೆ ನಿಂತು ತೀರ್ಮಾನಿಸಲಾಗದು. ನಮ್ಮ ತಂಡಗಳಲ್ಲಿ ಅನೇಕ ಸಲ ಆಲ್‌ರೌಂಡರೇ ನಾಯಕ. ಜನ ಹೆಸರು ಹಿಡಿದು ಕೂಗುತ್ತಿರುವಾಗ ‘ಈ ರೈಡ್ ನನಗೆ ಬೇಡ’ ಎಂದು ಹದಿನೆಂಟರ ಹುಡುಗ ತಾನಾಗಿ ಹೇಳುವುದಿಲ್ಲ, ಅವನಿಂದ ಅದನ್ನು ನಿರೀಕ್ಷಿಸುವುದೂ ಅನ್ಯಾಯ. ಟೈಮ್‌ಔಟ್ ಕೇಳುವ ಹಕ್ಕು ನಾಯಕನಿಗಷ್ಟೇ ಅಲ್ಲ, ತರಬೇತುದಾರನಿಗೂ ಇದೆ. ಹನ್ನೆರಡು ಮಂದಿಯ ತಂಡದಲ್ಲಿ ಐವರು ಹೊರಗೆ ಕೂತಿರುತ್ತಾರೆ. ಬೆಂಚಿನಲ್ಲಿರುವ ಹಿರಿಯರೊಬ್ಬರು ಪುಸ್ತಕದಲ್ಲಿ ಅವನ ರೈಡ್ ಮತ್ತು ಟ್ಯಾಕಲ್‌ಗಳನ್ನು ಗುರುತು ಹಾಕುತ್ತಾ ಹೋಗಲಿ. ಅವನು ಔಟಾಗುವ ಮೊದಲೇ, ಏಳು ಮಂದಿಯೂ ಒಳಗಿದ್ದು ತಂಡ ನಾಲ್ಕೈದು ಅಂಕ ಮುಂದಿರುವಾಗಲೇ, ಟೈಮ್‌ಔಟ್ ಕೇಳಿ ಅವನನ್ನು ಹೊರಗೆ ಕರೆಯಲಿ.