ಒಂದು ರಾತ್ರಿ ತಪ್ಪಿದರೆ ರೂಢಿ ಕೆಡಲ್ಲ

ಹತ್ತಕ್ಕೆಲ್ಲ ಮಲಗಬೇಕು ಅಂತ ಶುರು ಮಾಡಿದ್ದೀರಿ. ಆದರೆ ಚಳ್ಳಕೆರೆ ಕಡೆ ರಾತ್ರಿ ತ್ರೀಫೇಸ್ ಕರೆಂಟ್ ಬಂದರೆ, ಬ್ಯಾಟರಿ ಹಿಡಿದು ಹೊಲಕ್ಕೆ ನೀರು ಕಟ್ಟಲು ಹೋಗಲೇಬೇಕು. ಮೊಳಕಾಲ್ಮೂರಲ್ಲಿ ಮದುವೆ ಸೀಸನ್‌ನಲ್ಲಿ ಕೈಮಗ್ಗದ ರೇಷ್ಮೆ ಸೀರೆ ಮುಗಿಸೋ ಅವಸರ. ನಾಯಕನಹಟ್ಟಿ ತೇರಿಗಂತೂ ಊರಿಗೆ ಊರೇ ಎಚ್ಚರ.

ಹಾಗಂತ ಕೈಬಿಡಬೇಡಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ನಿದ್ದೆಯ ಹೊತ್ತು ಹೇಳೋ ಮೈಯೊಳಗಿನ ಗಡಿಯಾರವನ್ನು ಹೆಚ್ಚಾಗಿ ತಿದ್ದೋದು ಬೆಳಗಿನ ಬೆಳಕು.

ಹಾಗಾಗಿ ನಿದ್ದೆಗೆಟ್ಟ ಮರುದಿನ ಮೂರು ಕೆಲಸ ಮಾಡಿ. ತೀರಾ ತಡಮಾಡದೆ ಎದ್ದು ಬಿಸಿಲಿಗೆ ಬನ್ನಿ. ಮಧ್ಯಾಹ್ನ ಊಟವಾದ ಮೇಲೆ 20 ನಿಮಿಷ ಅಡ್ಡಾಗಿ. ಸಂಜೆ ಮೇಲೆ ಟೀ ಬಿಡಿ.

ರಾತ್ರಿ ಮತ್ತೆ ಅದೇ ಹತ್ತಕ್ಕೆ ಮಲಗಿ. ತಪ್ಪಿದ್ದನ್ನು ಲೆಕ್ಕ ಹಾಕಬೇಡಿ, ಇವತ್ತೇ ಮುಂದುವರಿಸಿ.